ಲಾರ್ಡ್ಸ್: ಇಳಿಜಾರಿನ ಮೇಲಿನ ಅಂಗಳ

ಲಂಡನ್ನಿನ ಜುಬಿಲಿ ಲೈನ್ ರೈಲಿನಲ್ಲಿ ಸೇಂಟ್ ಜಾನ್ಸ್ ವುಡ್ ನಿಲ್ದಾಣಕ್ಕೆ ಬಂದಿಳಿದರೆ ಲಾರ್ಡ್ಸ್ ಕ್ರಿಕೆಟ್ ಅಂಗಳಕ್ಕೆ ನಡೆದೇ ಹೋಗಬಹುದು. ಪೆವಿಲಿಯನ್, ಡ್ರೆಸಿಂಗ್ ರೂಮ್ ನೋಡುವ ಆಸೆಯಿದ್ದವರು ಪಂದ್ಯವಿಲ್ಲದ ದಿನ ನೋಡಿಕೊಂಡು ಟಿಕೆಟ್ ಮೊದಲೇ ಕಾಯ್ದಿರಿಸಬೇಕು.

ಟಿವಿಯಲ್ಲಿ ಸಪಾಟಾಗಿ ಕಾಣುವ ಈ ಅಂಗಳ ನಿಜಕ್ಕೂ ಓರೆ. ಪೆವಿಲಿಯನ್‌ಗೆ ಬೆನ್ನು ಹಾಕಿ ನಿಂತರೆ ಎಡಕ್ಕಿರುವ ಗ್ರ್ಯಾಂಡ್ ಸ್ಟ್ಯಾಂಡ್ ಬದಿಯಿಂದ ಬಲಕ್ಕಿರುವ ಟ್ಯಾವರ್ನ್ ಬದಿಗೆ ನೆಲ ಸುಮಾರು 2.5 ಮೀಟರ್ ಇಳಿಯುತ್ತದೆ. ಅಂದರೆ ಮೇಲಿನ ಬೌಂಡರಿಯಲ್ಲಿರುವ ಫೀಲ್ಡರ್‌ನ ಬೂಟು, ಕೆಳಗಿನ ಬೌಂಡರಿಯಲ್ಲಿರುವವನ ತಲೆಗಿಂತ ಎತ್ತರದಲ್ಲಿರುತ್ತದೆ.

ಈ ಇಳಿಜಾರು ಪಿಚ್ಚನ್ನೂ ಅಡ್ಡಕ್ಕೆ ಹಾಯುತ್ತದೆ. ಪೆವಿಲಿಯನ್ ತುದಿಯಿಂದ ಹಾಕಿದ ಚೆಂಡು ಬಲಗೈ ಬ್ಯಾಟರ್‌ಗೆ ಒಳಕ್ಕೆ ನುಗ್ಗುತ್ತದೆ, ಅದರೆದುರಿನ ನರ್ಸರಿ ತುದಿಯಿಂದ ಹಾಕಿದ್ದು ಹೊರಕ್ಕೆ ಜಾರುತ್ತದೆ. ಎಡಗೈ ಬ್ಯಾಟರ್‌ಗೆ ಎಲ್ಲ ತಿರುವುಮುರುವು. ಹೊಸದಾಗಿ ಬಂದ ಬೌಲರ್‌ಗಳು ಎಡವುವುದು ಇಲ್ಲೇ. ಬೇರೆಡೆಯ ಅಭ್ಯಾಸದಂತೆ ಪೆವಿಲಿಯನ್ ತುದಿಯಿಂದ ಆಫ್ ಸ್ಟಂಪಿಗೇ ಗುರಿಯಿಟ್ಟರೆ ಚೆಂಡು ಕಾಲಿನತ್ತ ಸರಿದು ಸಲೀಸಾಗಿ ರನ್ ಕೊಡುತ್ತದೆ; ಗುರಿಯನ್ನು ಇನ್ನಷ್ಟು ಹೊರಗಿಡಬೇಕು. ನರ್ಸರಿ ತುದಿಯಿಂದಾದರೆ ಸ್ಟಂಪುಗಳ ನೇರಕ್ಕೇ ಹಾಕಬೇಕು, ಹೊರಗೆಳೆಯುವ ಕೆಲಸ ನೆಲದ್ದು. ಆಸ್ಟ್ರೇಲಿಯಾದ ಗ್ಲೆನ್ ಮೆಕ್‌ಗ್ರಾತ್ 1997ರಲ್ಲಿ 38 ರನ್ನಿಗೆ 8 ವಿಕೆಟ್ ಕಿತ್ತದ್ದು ಪೆವಿಲಿಯನ್ ತುದಿಯಿಂದ.

ಅಂಗಳಕ್ಕೆ ಹೆಸರು ಬಂದದ್ದು ಅದನ್ನು ಕಟ್ಟಿದ ಥಾಮಸ್ ಲಾರ್ಡ್‌ರಿಂದ; ಅವರಿಗೆ ಇದು ಮೂರನೆಯ ಜಾಗ. ಮೊದಲಿನದು 1787ರದು. ಎರಡನೆಯದರ ಮೇಲೆ ರೀಜೆಂಟ್ಸ್ ಕಾಲುವೆ ಹಾಯುವುದೆಂದಾದಾಗ ಹುಲ್ಲುಹಾಸನ್ನೇ ಕಿತ್ತು ಇಲ್ಲಿಗೆ ಸಾಗಿಸಿ, 1814ರಲ್ಲಿ ಆಟ ಶುರುಮಾಡಿದರು. ಆಗ ಹುಲ್ಲು ತಗ್ಗಿಸುತ್ತಿದ್ದದ್ದು ಕುರಿಗಳು. ಪಿಚ್ಚು ಬಹುಕಾಲ ಅಪಾಯಕಾರಿಯಾಗಿಯೇ ಇತ್ತು. 1870ರಲ್ಲಿ ಪುಟಿದ ಚೆಂಡು ತಲೆಗೆ ಬಡಿದು ನಾಟಿಂಗ್‌ಹ್ಯಾಮ್‌ಶೈರ್‌ನ ಜಾರ್ಜ್ ಸಮರ್ಸ್ ತೀರಿಕೊಂಡರು.

ಈಗಿನ ಪೆವಿಲಿಯನ್ 1890ರದು. ಬ್ಯಾಟರ್‌ಗಳು ಅಂಗಳಕ್ಕಿಳಿಯುವುದು ಅದರ ಲಾಂಗ್ ರೂಮ್ ಎಂಬ ಕೋಣೆಯಲ್ಲಿ ಕ್ಲಬ್ ಸದಸ್ಯರ ನಡುವೆ ಹಾದು. ಔಟಾದ ಮೇಲೆ ಮರಳುವುದೂ ಅದೇ ದಾರಿಯಲ್ಲಿ, ಅದೇ ಕಣ್ಣುಗಳ ಮುಂದೆ. 1899ರಲ್ಲಿ ಆಲ್ಬರ್ಟ್ ಟ್ರಾಟ್ ಈ ಕಟ್ಟಡದ ಮೇಲಿಂದಲೇ ಚೆಂಡು ದಾಟಿಸಿದ್ದರು.

ಅತಿಥಿ ತಂಡದ ಡ್ರೆಸಿಂಗ್ ರೂಮಿನಲ್ಲಿ ಸಾಧಕರ ಹೆಸರು ಬರೆದ ಗೌರವ ಫಲಕಗಳ ಮುಂದೆ ಕನ್ನಡಿಗರು ತುಸು ಹೊತ್ತು ನಿಲ್ಲಲೇಬೇಕು. ಒಂದೇ ಇನಿಂಗ್ಸಿನಲ್ಲಿ ಐದು ವಿಕೆಟ್ ಪಡೆದ ಚಂದ್ರಶೇಖರ್ (1967), ವೆಂಕಟೇಶ್ ಪ್ರಸಾದ್ (1996). ಶತಕ ಬಾರಿಸಿದ ಜಿ.ಆರ್. ವಿಶ್ವನಾಥ್ (1979), ಕೆ.ಎಲ್. ರಾಹುಲ್ (2021, 2025) ಎಲ್ಲರೂ ಅಲ್ಲಿದ್ದಾರೆ. 1996ರ ಚೊಚ್ಚಲ ಟೆಸ್ಟಿನಲ್ಲಿ 95ಕ್ಕೆ ಔಟಾದ ದ್ರಾವಿಡ್ ಹೆಸರು ಫಲಕವೇರಲು 2011ರ ಅಜೇಯ 103ರವರೆಗೆ ಕಾಯಬೇಕಾಯಿತು. ಗವಾಸ್ಕರ್, ತೆಂಡೂಲ್ಕರ್ ಇಲ್ಲಿ ಟೆಸ್ಟ್ ಶತಕ ಹೊಡೆಯಲೇ ಇಲ್ಲ. 1952ರಲ್ಲಿ ವಿನೂ ಮಂಕಡ್ ಒಂದೇ ಟೆಸ್ಟಿನಲ್ಲಿ 72 ಮತ್ತು 184 ರನ್ ಹೊಡೆದು, ಐದು ವಿಕೆಟ್ಟೂ ಕಿತ್ತರು. ನಮ್ಮ ಲೆಕ್ಕದಲ್ಲಿ ಇಲ್ಲಿ ಭಾರತೀಯನೊಬ್ಬ ಆಡಿದ ಅತಿ ದೊಡ್ಡ ಆಟ ಅದೇ, 1983ರ ವಿಶ್ವಕಪ್ ಫೈನಲನ್ನು ನೆನೆದೂ ಹೇಳುವ ಮಾತು.

ಇಲ್ಲಿನ ವಸ್ತುಸಂಗ್ರಹಾಲಯದಲ್ಲಿ ಇಂಗ್ಲೆಂಡ್-ಆಸ್ಟ್ರೇಲಿಯಾ ಟೆಸ್ಟ್ ಪೈಪೋಟಿಯ ಸಂಕೇತವಾದ ಆಶಸ್ ಕುಡಿಕೆಯಿದೆ. 1936ರಲ್ಲಿ ಜಹಾಂಗೀರ್ ಖಾನ್ ಎಸೆದ ಚೆಂಡು ತಾಗಿ ಸತ್ತ ಗುಬ್ಬಚ್ಚಿಯನ್ನೂ ಕಾಪಿಟ್ಟಿದ್ದಾರೆ. ಸಮಯ ಕಡಿಮೆಯಿದ್ದರೆ ಇವನ್ನು ಬೇಗ ಮುಗಿಸಿ, ದೋಣಿ ಕಟ್ಟುವವರು ಅಲ್ಯೂಮಿನಿಯಮ್‌ನಲ್ಲಿ ಕಟ್ಟಿಕೊಟ್ಟ ಮೀಡಿಯಾ ಸೆಂಟರ್‌ಗೆ ಹೋಗಿ. ಅದು ನರ್ಸರಿ ತುದಿಯಲ್ಲಿದೆ. ಅಲ್ಲಿಂದ ಪೆವಿಲಿಯನ್ ಕಡೆ ನೋಡಿದರೆ ಅಂಗಳ ಬಲದಿಂದ ಎಡಕ್ಕೆ ಇಳಿಯುವುದು ಸ್ಪಷ್ಟವಾಗಿ ಕಾಣುತ್ತದೆ.