ಮದ್ದು ಸಿಂಪಡಿಸಿದ್ದರ ಅಲರ್ಜಿ ಅಲ್ಲ

ಜೋರು ಮಳೆಯ ಆಟಿ ತಿಂಗಳ ಒಂದು ಬೆಳಗ್ಗೆ. ಕಾಸರಗೋಡಿನ ಬದಿಯಡ್ಕ ಕಡೆಯ ಅಡಿಕೆ ಕೃಷಿಕರೊಬ್ಬರು ಚರ್ಮದ ಕ್ಲಿನಿಕ್ಕಿಗೆ ಬಂದರು. ಸೊಂಟದ ಸುತ್ತ, ತೊಡೆ ಸಂದಿಯಲ್ಲಿ ಕೆಂಪು ಮಚ್ಚೆ, ನಿಲ್ಲದ ತುರಿಕೆ. "ಅಡಿಕೆಯ ಕೊಳೆರೋಗಕ್ಕೆ ಮದ್ದು ಸಿಂಪಡಿಸಿದ್ದರ ಅಲರ್ಜಿ ಡಾಕ್ಟ್ರೇ" ಎಂದರು. ನೋಡಿದರೆ ಇಸುಬಿನ ಹಾಗೆಯೇ ಇತ್ತು, ಆದರೆ ಅದು ಹುಳುಕಡ್ಡಿ.

ಹುಳುಕಡ್ಡಿಗೆ (ಹೆಸರಲ್ಲಿ ಹುಳು ಇದೆ, ರೋಗದಲ್ಲಿ ಇಲ್ಲ, ಅದು ಶಿಲೀಂಧ್ರ) ಉಬ್ಬಿದ, ಹೊಟ್ಟೇಳುವ ಅಂಚು, ತಿಳಿಯಾದ ನಡು. ಇಲ್ಲಿ ಆ ಬಳೆ ಕಾಣಲಿಲ್ಲ. ಕಾರಣ ಅವರ ಕಿಸೆಯಲ್ಲೇ ಇತ್ತು: ಅಂಗಡಿಯಲ್ಲಿ ಕೇಳಿ ತಂದ, ಕ್ಲೋಬೆಟಸಾಲ್ ಎಂಬ ಸ್ಟೀರಾಯ್ಡ್ ಬೆರೆತ ಟ್ಯೂಬು. ಸ್ಟೀರಾಯ್ಡ್ ಉರಿಯೂತವನ್ನು ಅಡಗಿಸುತ್ತದೆ, ತುರಿಕೆ ಎರಡು ದಿನ ನಿಲ್ಲುತ್ತದೆ. ಚರ್ಮದ ಕಾವಲು ಸಡಿಲಾದ್ದರಿಂದ ಶಿಲೀಂಧ್ರ ಮಾತ್ರ ಆರಾಮವಾಗಿ ಹಬ್ಬುತ್ತದೆ. 1968ರಲ್ಲಿ ಚರ್ಮವೈದ್ಯರಾದ ಐವ್ ಮತ್ತು ಮಾರ್ಕ್ಸ್ ಇದನ್ನೇ ಟಿನಿಯಾ ಇನ್‌ಕಾಗ್ನಿಟೋ, ಅಂದರೆ ವೇಷ ಮರೆಸಿದ ಹುಳುಕಡ್ಡಿ ಎಂದು ಕರೆದದ್ದು.

ಕಣ್ಣನ್ನು ನಂಬದೆ ಕೆರೆದು ನೋಡುವುದೇ ದಾರಿ. ಸ್ಪಿರಿಟ್‌ನಲ್ಲಿ ಒರೆಸಿ, ಆರಿದ ಮೇಲೆ ಬ್ಲೇಡಿನಿಂದ ಅಂಚಿನ ಹೊಟ್ಟನ್ನು ಗಾಜಿನ ಮೇಲೆ ಉದುರಿಸಬೇಕು. ನಡುವಿನದ್ದು ಕೆರೆದರೆ ಹೆಚ್ಚಾಗಿ ಏನೂ ಸಿಗದು. ಶೇಕಡಾ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದೆರಡು ಹನಿ, ಮೇಲೊಂದು ಕವರ್‌ಸ್ಲಿಪ್, ಹತ್ತಿಪ್ಪತ್ತು ನಿಮಿಷದ ಕಾಯುವಿಕೆ. ಅವಸರಕ್ಕೆ ಕುದಿಸಿದರೆ ಹರಳುಗಟ್ಟಿ ಎಲ್ಲ ಕೆಡುತ್ತದೆ. ಸೂಕ್ಷ್ಮದರ್ಶಕದ ಕಂಡೆನ್ಸರ್ ಇಳಿಸಿ ಬೆಳಕು ತಗ್ಗಿಸಿದಾಗ ಗೆಣ್ಣುಗೆಣ್ಣಾಗಿ ಕವಲೊಡೆದ ಶಿಲೀಂಧ್ರದ ಎಳೆಗಳು ಕಂಡವು. ಕಾಣದಿದ್ದರೂ ರೋಗವಿಲ್ಲ ಎನ್ನುವಂತಿಲ್ಲ: ಶಿಲೀಂಧ್ರ ಕೊಲ್ಲುವ ಮುಲಾಮು ಹಚ್ಚಿ ಬಂದವರಲ್ಲಿ ಎಳೆ ಸಿಗದೇ ಹೋಗಬಹುದು.

ಮಚ್ಚೆಯಲ್ಲಿ ಸ್ಪರ್ಶಜ್ಞಾನವೇ ಇಲ್ಲವೆಂದರೆ ದಾರಿ ಬೇರೆ, ಕುಷ್ಠದ ಪರೀಕ್ಷೆ ಆಗಬೇಕು. ಬೆನ್ನಿನ ಬಿಳಿ ಮಚ್ಚೆ ತೊನ್ನೆಂದು ಹೆದರಿದವರು ಉಗುರಲ್ಲಿ ಮೆಲ್ಲಗೆ ಗೀರಿ ನೋಡಲಿ. ನವಿರಾದ ಹೊಟ್ಟು ಎದ್ದರೆ ಅದು ಬಹುತೇಕ ಚಿಬ್ಬು, ಅದೂ ಶಿಲೀಂಧ್ರವೇ.

ಇಷ್ಟು ಹರಡಿದ್ದಕ್ಕೆ ಹಚ್ಚುವುದು ಮಾತ್ರ ಸಾಲದೆಂದು ಡಾಕ್ಟ್ರು ವಾರಗಟ್ಟಲೆ ನುಂಗುವ ಶಿಲೀಂಧ್ರದ ಮದ್ದು ಇಟ್ರಕೋನಜೋಲ್ ಬರೆದರು. ಶಿಲೀಂಧ್ರ ಕೊಲ್ಲುವ ಮುಲಾಮನ್ನು ಅಂಚಿನಿಂದ ಎರಡು ಸೆಂಟಿಮೀಟರ್ ಆಚೆವರೆಗೆ ಹಚ್ಚಬೇಕು, ಮಚ್ಚೆ ಮಾಯವಾದ ಮೇಲೂ ಎರಡು ವಾರ ಬಿಡಬಾರದು.

"ಬೈರಾಸು (ಟವೆಲು) ಮನೆಯಲ್ಲಿ ಎಲ್ಲರಿಗೂ ಒಂದೆಯಾ ಅಣ್ಣ?"

"ಈ ಮಳೆಗೆ ನಾಲ್ಕು ಬೈರಾಸು ಎಲ್ಲಿ ಒಣಗಿಸುದು ಡಾಕ್ಟ್ರೇ?"

ಬಿಸಿನೀರಲ್ಲಿ ಒಗೆದು, ಹಸಿ ಉಳಿದ ಹೊಲಿಗೆಗೆ ಇಸ್ತ್ರಿ ಹಾಕಲು ಹೇಳಿದರು. ಹೆಂಡತಿಗೂ ತುರಿಕೆಯಂತೆ. ನಾಳೆ ಅವರನ್ನೂ ಕರೆತರಬೇಕು, ಏನೂ ಹಚ್ಚದೆ.