ಚಿತ್ರದ ಹೊರಗೆ ನಿಂತವರು

ಮುಂಬೈಯ ನಮ್ಮ ರಾತ್ರಿ ಶಾಲೆಯ ಕನ್ನಡ ಮಾಸ್ಟ್ರಿಗೆ 'ಚಂದ ಉಂಟು' ಎಂಬ ಮಾತು ಕೇಳಿದರೆ ಆಗುತ್ತಿರಲಿಲ್ಲ. 'ಚಂದ ಉಂಟು ಅಂತ ನಂಗೂ ಗೊತ್ತು ಮಾರಾಯ, ಮುಂದೆ ಹೇಳು' ಅನ್ನುತ್ತಿದ್ದರು. ಹಗಲು ಅವರು ಫೋರ್ಟಿನ ಒಂದು ಕಚೇರಿಯಲ್ಲಿ ಗುಮಾಸ್ತರು. ನಾವು ಹೋಟೆಲಿನಲ್ಲೋ ಕ್ಯಾಂಟೀನಿನಲ್ಲೋ ಟೇಬಲ್ ಒರೆಸಿ, ಸಂಜೆ ಬೆಂಚಿನ ಮೇಲೆ ತೂಕಡಿಸುತ್ತಿದ್ದವರು. ಹೆಚ್ಚಿನವರು ಉಡುಪಿ, ಕುಂದಾಪುರ ಕಡೆಯವರು. ಎಪ್ಪತ್ತರ ದಶಕದ ಮಾತು ಇದು.

ಬಿಡುವು ಸಿಕ್ಕ ಭಾನುವಾರ ಮಾಸ್ಟ್ರು ನಮ್ಮನ್ನು ಜಹಾಂಗೀರ್ ಆರ್ಟ್ ಗ್ಯಾಲರಿಗೆ ಕರೆದುಕೊಂಡು ಹೋಗುತ್ತಿದ್ದರು. 1952ರಲ್ಲಿ ಶುರುವಾದ ಗ್ಯಾಲರಿ ಅದು. ಒಳಗೆ ಹೋಗಲು ದುಡ್ಡು ಕೊಡಬೇಕಿಲ್ಲ. ನಿಜ ಹೇಳಬೇಕೆಂದರೆ ನಮಗೆ ಅದೇ ದೊಡ್ಡ ಆಕರ್ಷಣೆ. ಅಲ್ಲಿ ಒಂದು ಚಿತ್ರ ಆರಿಸಿಕೊಂಡು ಅದರ ಮೇಲೆ ಪದ್ಯ ಬರೆಯಬೇಕು. ಒಂದೇ ಷರತ್ತು: ಚಿತ್ರದಲ್ಲಿ ಕಾಣುವುದನ್ನು ಬರೆಯುವ ಹಾಗಿಲ್ಲ. 'ಅದನ್ನು ಅವನು ಬಣ್ಣದಲ್ಲಿ ಹೇಳಿ ಆಯ್ತಲ್ಲ. ನೀನ್ಯಾಕೆ ಮತ್ತೆ ಹೇಳ್ತೀ?'

ಆ ಜಾಗದ ಹೆಸರು ಕಾಲಾಘೋಡಾ, ಅಂದರೆ ಕಪ್ಪು ಕುದುರೆ. ನಮ್ಮ ಕಾಲದಲ್ಲಿ ಅಲ್ಲಿ ಕುದುರೆಯೇ ಇರಲಿಲ್ಲ. ಏಳನೇ ಎಡ್ವರ್ಡ್ ದೊರೆ ಕೂತಿದ್ದ ಕಪ್ಪು ಕುದುರೆಯ ಪ್ರತಿಮೆಯನ್ನು 1965ರಲ್ಲಿ ಕಿತ್ತು, ಆಮೇಲೆ ಬೈಕಲ್ಲಾದ ರಾಣಿ ಬಾಗ್ ಉದ್ಯಾನಕ್ಕೆ ಸಾಗಿಸಿದ್ದರು. ಸವಾರನಿಲ್ಲದ ಹೊಸ ಕುದುರೆ ಬಂದದ್ದು 2017ರಲ್ಲಿ. ಕಾಣುವುದನ್ನು ಬರೆಯಬಾರದು ಅಂದದ್ದೇ ತಡ, ಅರ್ಧ ಕ್ಲಾಸು ಇಲ್ಲದ ಕುದುರೆಯ ಮೇಲೆ ಪದ್ಯ ಹೊಸೆಯಿತು. ಓದಿ ಓದಿ ಮಾಸ್ಟ್ರಿಗೆ ಸಾಕಾಗಿ ಹೋಗಿತ್ತು.

ಯುರೋಪಿನ ಹಳೆಯ ಚಿತ್ರಕಾರ ಬ್ರೂಗೆಲನ ಚಿತ್ರವನ್ನು ನಾವು ಮೊದಲು ಕಂಡದ್ದು ಮಾಸ್ಟ್ರು ತಂದ ಹಳೆಯ ಪುಸ್ತಕವೊಂದರಲ್ಲಿ. ಕಥೆ ಗ್ರೀಕರದು. ಇಕಾರಸ್ ಎಂಬ ಹುಡುಗ ಮೇಣದಿಂದ ಅಂಟಿಸಿದ ರೆಕ್ಕೆ ಕಟ್ಟಿಕೊಂಡು ಸೂರ್ಯನ ಹತ್ತಿರ ಹಾರುತ್ತಾನೆ. ಮೇಣ ಕರಗಿ ಸಮುದ್ರಕ್ಕೆ ಬೀಳುತ್ತಾನೆ. ಚಿತ್ರದಲ್ಲಿ ಅವನನ್ನು ಹುಡುಕಬೇಕು. ಮುಂದೆ ದೊಡ್ಡದಾಗಿ ಕಾಣುವವನು ಕೆಂಪು ಅಂಗಿಯ ರೈತ, ತಲೆ ತಗ್ಗಿಸಿ ನೇಗಿಲು ಹಿಡಿದಿದ್ದಾನೆ. ಕುರುಬ ಬೇರೆಲ್ಲೋ ನೋಡುತ್ತಿದ್ದಾನೆ. ಬಲಗಡೆ ಕೆಳಗೆ, ನೀರಿನಲ್ಲಿ, ಎರಡು ಪುಟ್ಟ ಕಾಲು. ಅಷ್ಟೇ ಇಕಾರಸ್.

ಈ ರೈತ, ಈ ಕುರುಬ, ಗಾಳ ಹಾಕುವ ಬೆಸ್ತ, ಮೂವರೂ ಓವಿಡ್ ಎಂಬ ರೋಮನ್ ಕವಿಯ ಕಾವ್ಯದಿಂದ ಬಂದವರು. ಅಲ್ಲಿ ಅವರು ಹಾರುವ ಇಕಾರಸನನ್ನೂ ಅವನ ಅಪ್ಪನನ್ನೂ ಕಂಡು, ದೇವರೇ ಇರಬೇಕು ಅಂತ ಬೆರಗಾಗುತ್ತಾರೆ. ಬ್ರೂಗೆಲ್ ಅವರನ್ನು ಉಳಿಸಿಕೊಂಡು ಬೆರಗನ್ನು ಮಾತ್ರ ತೆಗೆದುಬಿಟ್ಟ. ಬ್ರಸೆಲ್ಸಿನಲ್ಲಿ ಈ ಚಿತ್ರ ನೋಡಿದ ಇಂಗ್ಲಿಷ್ ಕವಿ ಆಡೆನ್ 1938ರಲ್ಲಿ ಒಂದು ಪದ್ಯ ಬರೆದರು. ಒಬ್ಬನ ಸಂಕಟದ ಹೊತ್ತಿನಲ್ಲೇ ಉಳಿದವರು ಊಟ, ಕೆಲಸ ಅಂತ ಇರುತ್ತಾರಲ್ಲ, ಅದರ ಬಗ್ಗೆ. ಕಾವ್ಯದಿಂದ ಚಿತ್ರ, ಚಿತ್ರದಿಂದ ಮತ್ತೆ ಕಾವ್ಯ. ಪ್ರತಿ ಸಲವೂ ಹಿಂದಿನವನು ಬಿಟ್ಟ ಜಾಗದಲ್ಲೇ ಮುಂದಿನವನು ಕೈ ಇಟ್ಟಿದ್ದಾನೆ. ಬ್ರಸೆಲ್ಸಿನಲ್ಲಿರುವುದು ಬ್ರೂಗೆಲನ ಮೂಲ ಚಿತ್ರವಲ್ಲ, ಅದರ ನಕಲು ಅನ್ನುವ ತಜ್ಞರಿದ್ದಾರೆ. ಇರಲಿ, ಪದ್ಯಕ್ಕೆ ಅದರಿಂದ ನಷ್ಟವೇನೂ ಇಲ್ಲ.

'ಇದು ನಿಮಗೆ ಹೊಸದೇನಲ್ಲ' ಅಂದರು ಮಾಸ್ಟ್ರು. 'ಗಿರಾಕಿ ದೋಸೆ ತಿನ್ನುವಾಗ ನಿಮ್ಮ ಮುಖ ನೋಡ್ತಾನಾ?'

ಮುಂದಿನ ಪಾಠಕ್ಕೆ ಚಿತ್ರಕಾರ ಕೆ.ಕೆ. ಹೆಬ್ಬಾರರ ಕೋಳಿ ಅಂಕದ, ಅಂದರೆ ಕೋಳಿ ಕಾಳಗದ, ಚಿತ್ರದ ಅಚ್ಚು ತಂದರು. ಹೆಬ್ಬಾರರು ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದವರು. ಮುಂಬೈಗೆ ಬಂದು ಜೆ.ಜೆ. ಸ್ಕೂಲ್ ಆಫ್ ಆರ್ಟಿನಲ್ಲಿ ಕಲಿತು, ಇಲ್ಲೇ ನೆಲೆ ನಿಂತವರು. ನಮ್ಮೂರ ಕಡೆಯವರು ಅಂತ ಗೊತ್ತಾದ ಮೇಲೆ ಕ್ಲಾಸಿನಲ್ಲಿ ಗಲಾಟೆಯೋ ಗಲಾಟೆ. ಕೋಳಿ ಅಂಕ ನೋಡದವರು ನಮ್ಮಲ್ಲಿ ಯಾರಿದ್ದರು? ಎಲ್ಲರೂ ಕತ್ತಿ, ರಕ್ತ, ಬಾಜಿ ಅಂತ ಬರೆದರು. ನಾನೂ ಬರೆದೆ.

ನನ್ನ ಪಕ್ಕ ಕೂರುತ್ತಿದ್ದ ಹುಡುಗ ಮಾತ್ರ ಚಿತ್ರದಲ್ಲಿಲ್ಲದ ಒಬ್ಬ ಹೆಂಗಸಿನ ಬಗ್ಗೆ ಬರೆದಿದ್ದ. ಮರಿಯಿಂದ ಅಕ್ಕಿನುಚ್ಚು ಹಾಕಿ ಹುಂಜ ಸಾಕಿದವಳು ಅವಳು. ಗಂಡ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಅಂಕಕ್ಕೆ ಹೋಗಿದ್ದಾನೆ. ಗೆದ್ದರೆ ಇನ್ನೊಬ್ಬರ ಕೋಳಿ ಸಾರಿಗೆ ಬರುತ್ತದೆ, ಸೋತರೆ ತನ್ನದು ಇನ್ನೊಬ್ಬರ ಸಾರಿಗೆ. ಎರಡಕ್ಕೂ ಬೇಕಾಗುತ್ತದೆ ಅಂತ ಅವಳು ಮಸಾಲೆ ಅರೆಯಲು ಕೂರುತ್ತಾಳೆ. ಕೊನೆಯಲ್ಲಿ 'ಯಾರ ಮನೆಯ ಅಮ್ಮನೋ ಪಾಪ' ಅಂತ ಒಂದು ಸಾಲು.

ಮಾಸ್ಟ್ರು ಎರಡು ಸಲ ಓದಿದರು. ಸೋತರೆ ಮಸಾಲೆ ಯಾಕೆ ಅಂತ ಯಾರೋ ತಕರಾರು ತೆಗೆದರು. 'ಅವಳಿಗೆ ಫಲಿತಾಂಶ ಇನ್ನೂ ಗೊತ್ತಿಲ್ಲ, ಸುಮ್ನಿರು' ಅಂತ ಬಾಯಿ ಮುಚ್ಚಿಸಿದರು. ಆದರೆ ಕೊನೆಯ ಸಾಲು ಹೊಡೆದು ಹಾಕು ಅಂದರು. ಅವನು ಒಪ್ಪಲಿಲ್ಲ. ಶಾಲೆಯ ಕೈಬರಹ ಪತ್ರಿಕೆಯಲ್ಲಿ ಆ ಸಾಲು ಹಾಗೇ ಬಂತು. ನಾನು ಆಗ ಗೆಳೆಯನ ಪರ ನಿಂತಿದ್ದೆ. ಈಗ ಮಾಸ್ಟ್ರು ಹೇಳಿದ್ದೇ ಸರಿ ಅನ್ನಿಸುತ್ತದೆ. ಅವನನ್ನು ಕೇಳಿದರೆ ಇವತ್ತಿಗೂ ಜಗಳಕ್ಕೆ ಬರುತ್ತಾನೆ.