ಅಗ್ಗದ ಎರಡು ಭಾಗಗಳು ಒಂದೆಡೆ ಸೇರಿದಾಗ

ಅಕ್ಕನ ಮಗ ಕೂಡಿಟ್ಟ ಹಣದಲ್ಲಿ ಗೇಮಿಂಗ್ ಕಂಪ್ಯೂಟರೊಂದನ್ನು ಜೋಡಿಸಿಕೊಳ್ಳಬೇಕೆಂದು ಬಿಡಿಭಾಗಗಳ ಪಟ್ಟಿ ಮಾಡಿ, ಕೊಳ್ಳುವ ಮುನ್ನ ಒಮ್ಮೆ ನೋಡಿಕೊಡಿ ಎಂದು ತಂದಿದ್ದ. ಪಟ್ಟಿಯಲ್ಲಿ ರೈಜೆನ್ 5 5500 ಪ್ರೊಸೆಸರ್, ಎ520 ಮದರ್‌ಬೋರ್ಡ್, ರೇಡಿಯನ್ ಆರ್‌ಎಕ್ಸ್ 6500 ಎಕ್ಸ್‌ಟಿ ಗ್ರಾಫಿಕ್ಸ್ ಕಾರ್ಡ್, 16 ಜಿಬಿಯ ಒಂದು ರ‍್ಯಾಮ್, 1 ಟಿಬಿಯ ಎಸ್‌ಎಸ್‌ಡಿ, 700 ವ್ಯಾಟ್ ಎಂದು ಬರೆದುಕೊಂಡಿದ್ದ ಪವರ್ ಸಪ್ಲೈ, ಪ್ರತ್ಯೇಕ ಕೂಲರ್ ಮತ್ತು ಬಣ್ಣದ ದೀಪಗಳ ಫ್ಯಾನುಗಳಿದ್ದ ಗಾಜಿನ ಕ್ಯಾಬಿನೆಟ್ ಇದ್ದವು. ಮಿತವಾದ ಹಣದಲ್ಲಿ ಆರಿಸುವವನು ಹೀಗೆಯೇ ಆರಿಸುತ್ತಾನೆ. ಪ್ರತಿ ವಿಭಾಗದಲ್ಲೂ ಸಿಗುವ ಅಗ್ಗದ, ಆದರೆ ತೀರಾ ಹಳತಲ್ಲದ ಭಾಗವನ್ನು ಹುಡುಕುತ್ತಾನೆ. ಪವರ್ ಸಪ್ಲೈ ಒಂದನ್ನು ಬಿಟ್ಟರೆ, ಬಿಡಿಬಿಡಿಯಾಗಿ ನೋಡಿದಾಗ ಯಾವುದನ್ನೂ ಕೆಟ್ಟ ಆಯ್ಕೆ ಎನ್ನುವಂತಿರಲಿಲ್ಲ. ಆದರೂ ಆ ಪಟ್ಟಿಯನ್ನು ಹಾಗೆಯೇ ಒಪ್ಪಿಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಅವನ ಬಳಿ ಆಗಲೇ ಇದ್ದ ಮಾನಿಟರ್ 1920×1080 ಅಳತೆಯದು, ಸೆಕೆಂಡಿಗೆ 144 ಬಾರಿ ಚಿತ್ರ ಬದಲಿಸಬಲ್ಲ, ಅಂದರೆ 144 ಹರ್ಟ್ಸ್‌ನದು. ಆಡಬೇಕೆಂದಿದ್ದ ಆಟಗಳಲ್ಲಿ ಒಂದು ಕೌಂಟರ್-ಸ್ಟ್ರೈಕ್ 2, ಇನ್ನೊಂದು ಸೈಬರ್‌ಪಂಕ್ 2077. ಇವೆರಡೂ ಯಂತ್ರದಿಂದ ಕೇಳುವುದೇ ಬೇರೆ ಬೇರೆ: ಮೊದಲನೆಯದರಲ್ಲಿ ಫ್ರೇಮುಗಳ (ಸೆಕೆಂಡಿಗೆ ಮೂಡುವ ಚಿತ್ರಗಳ) ಸಂಖ್ಯೆ ಬಹುಮಟ್ಟಿಗೆ ಪ್ರೊಸೆಸರ್ ಮೇಲೆ ನಿಂತಿದ್ದರೆ, ಎರಡನೆಯದು ಗ್ರಾಫಿಕ್ಸ್ ಕಾರ್ಡಿನ ಶಕ್ತಿಯನ್ನೂ ಅದರ ಮೆಮೊರಿಯನ್ನೂ ಹಿಂಡುತ್ತದೆ. ಮಾನಿಟರ್ ಮತ್ತು ಆಟಗಳನ್ನು ಮುಂದಿಟ್ಟುಕೊಳ್ಳದೆ ಭಾಗಗಳನ್ನು ಆರಿಸಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ನನ್ನ ಗಮನವನ್ನು ಹಿಡಿದು ನಿಲ್ಲಿಸಿದ್ದು ಗ್ರಾಫಿಕ್ಸ್ ಕಾರ್ಡ್ ಮತ್ತು ಮದರ್‌ಬೋರ್ಡಿನ ಜೋಡಿ. 2022ರ ಜನವರಿಯಲ್ಲಿ ಬಿಡುಗಡೆಯಾದ 6500 ಎಕ್ಸ್‌ಟಿಯಲ್ಲಿರುವುದು 4 ಜಿಬಿ ಮೆಮೊರಿ. ಬೋರ್ಡಿನ ಉದ್ದನೆಯ ಸ್ಲಾಟಿನಲ್ಲಿ ಹದಿನಾರು ಲೇನುಗಳಿಗೆ (ಮಾಹಿತಿ ಸಾಗುವ ಸಾಲುಗಳಿಗೆ) ಎಡೆಯಿದ್ದರೂ ಈ ಕಾರ್ಡ್ ಬಳಸುವುದು ನಾಲ್ಕನ್ನು ಮಾತ್ರ. ಕಾರ್ಡನ್ನು ಬೋರ್ಡಿಗೆ ಬೆಸೆಯುವ ಸಂಪರ್ಕದ ಮಾನದಂಡವಾದ ಪಿಸಿಐಇಯ 4.0 ಆವೃತ್ತಿ ಇರುವಲ್ಲಿ ನಾಲ್ಕು ಲೇನುಗಳು ಸೆಕೆಂಡಿಗೆ ಸುಮಾರು 8 ಜಿಬಿ ಮಾಹಿತಿಯನ್ನು ಸಾಗಿಸುತ್ತವೆ, 3.0 ಇರುವಲ್ಲಿ ಅದರ ಅರ್ಧದಷ್ಟನ್ನು. ಎ520 ಬೋರ್ಡೂ 3.0ಕ್ಕೆ ಸೀಮಿತ, 5500 ಪ್ರೊಸೆಸರೂ 3.0ಕ್ಕೆ ಸೀಮಿತ. ಆಟದ ಟೆಕ್ಸ್‌ಚರುಗಳು (ವಸ್ತುಗಳ ಮೇಲ್ಮೈಯ ಚಿತ್ರಗಳು) 4 ಜಿಬಿಯೊಳಗೆ ಹಿಡಿಯುವವರೆಗೆ ಇದರಿಂದ ಹೆಚ್ಚಿನ ತೊಂದರೆಯಿಲ್ಲ. ಹಿಡಿಯದೆ ಹೋದಾಗ ಉಳಿದದ್ದನ್ನು ಕಂಪ್ಯೂಟರಿನ ರ‍್ಯಾಮ್‌ನಿಂದ ಈ ಕಿರಿದಾದ ದಾರಿಯಲ್ಲೇ ತರಿಸಿಕೊಳ್ಳಬೇಕು. ಕಾರ್ಡಿನ ಸ್ವಂತ ಮೆಮೊರಿಯ ವೇಗ ಸೆಕೆಂಡಿಗೆ 144 ಜಿಬಿಯಾದರೆ ಈ ದಾರಿಯದು ಸುಮಾರು 4 ಜಿಬಿ. ಆಟ ನಡುನಡುವೆ ತಡವರಿಸಿ ನಿಲ್ಲುವುದು ಆಗಲೇ. ಸರಾಸರಿ ಫ್ರೇಮುಗಳ ಅಂಕಿಯಲ್ಲಿ ಇದು ಪೂರ್ತಿಯಾಗಿ ಕಾಣದಿರಬಹುದು, ಆಡುವವನ ಕೈಗೆ ಮಾತ್ರ ತಿಳಿದೇ ತಿಳಿಯುತ್ತದೆ.

"ಹಾಗಾದರೆ ಮದರ್‌ಬೋರ್ಡ್ ಬದಲಾಯಿಸೋಣವೇ ಮಾವ?" ಎಂದು ಅವನು ಕೇಳಿದ. ಬೋರ್ಡನ್ನಷ್ಟೇ ಬದಲಾಯಿಸಿದರೆ ಪ್ರೊಸೆಸರಿನ ಮಿತಿ ಹಾಗೆಯೇ ಉಳಿಯುತ್ತದೆ, ಎರಡನ್ನೂ ಬದಲಾಯಿಸಿದರೂ 4 ಜಿಬಿ ಎಂಬುದು 4 ಜಿಬಿಯಾಗಿಯೇ ಇರುತ್ತದೆ. ಬದಲಾಗಬೇಕಾದದ್ದು ಕಾರ್ಡ್ ಎಂದು ನಾನು ಹೇಳಿದೆ. ಅದರ ಮೇಲಿನ ಆರ್‌ಎಕ್ಸ್ 6600ರಲ್ಲಿ 8 ಜಿಬಿ ಮೆಮೊರಿ, ಎಂಟು ಲೇನುಗಳು. ಎಂಟು ಲೇನುಗಳಿರುವುದರಿಂದ 3.0 ಬೋರ್ಡಿನಲ್ಲೂ ಸೆಕೆಂಡಿಗೆ ಸುಮಾರು 8 ಜಿಬಿಯ ದಾರಿ ಉಳಿಯುತ್ತದೆ. ಮೆಮೊರಿ ದೊಡ್ಡದಾದ್ದರಿಂದ ಆ ದಾರಿಯನ್ನು ಅವಲಂಬಿಸುವ ಪ್ರಸಂಗವೂ ಕಡಿಮೆ. ಎ520 ಬೋರ್ಡ್ ಹೀಗೆ ಪಟ್ಟಿಯಲ್ಲಿಯೇ ಉಳಿಯಿತು. ಅದೇ ಬೋರ್ಡ್ ಒಂದು ಕಾರ್ಡಿನ ಕೈಕಟ್ಟುತ್ತದೆ, ಇನ್ನೊಂದಕ್ಕೆ ಬಹುಪಾಲು ಸಾಕಾಗುತ್ತದೆ ಎಂಬುದು ಅವನಿಗೆ ಬೆರಗಿನ ಸಂಗತಿಯಾಗಿ ಕಂಡಿತು. ನನ್ನ ಮಟ್ಟಿಗೆ ಮಿತವ್ಯಯದ ಕಂಪ್ಯೂಟರ್ ಜೋಡಣೆಯಲ್ಲಿ ಅತ್ಯಂತ ಆಸಕ್ತಿಕರವಾದ ಭಾಗವೇ ಇದು. ಹಣ ಧಾರಾಳವಾಗಿದ್ದವನು ಇಂಥ ಲೆಕ್ಕವನ್ನು ಹಾಕಬೇಕಾಗಿಯೇ ಬರುವುದಿಲ್ಲ.

ಹೆಚ್ಚುವರಿ ಹಣಕ್ಕಾಗಿ ಮೊದಲು ಕೈಬಿಟ್ಟದ್ದು ಗಾಜಿನ ಕ್ಯಾಬಿನೆಟ್ಟನ್ನು. ಅವನಿಗೆ ಆ ದೀಪಗಳ ಮೇಲೆ ನಿಜವಾದ ಆಸೆಯಿತ್ತು, ಅದನ್ನು ನಾನು ಹಗುರವಾಗಿ ಕಾಣಲಿಲ್ಲ. ಆದರೆ ಮುಂಭಾಗ ಮುಚ್ಚಿದ ಗಾಜಿನ ಪೆಟ್ಟಿಗೆಗಿಂತ ಮುಂದೆ ಜಾಲರಿಯಿರುವ ಸಾದಾ ಪೆಟ್ಟಿಗೆಯಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ, ಬೆಲೆಯೂ ಕಡಿಮೆ. ಪ್ರೊಸೆಸರಿನ ಜೊತೆಗೇ ಕೂಲರ್ ಬರುವುದರಿಂದ ಪ್ರತ್ಯೇಕ ಕೂಲರನ್ನೂ ತೆಗೆದುಹಾಕಿದೆವು. ಪ್ರೊಸೆಸರಿನ ವಿಷಯದಲ್ಲಿ ಮಾತ್ರ ಬಹಳ ಹೊತ್ತು ಚರ್ಚೆ ನಡೆಯಿತು. 5500 ಮತ್ತು 5600 ಎರಡರಲ್ಲೂ ಆರು ಕೋರ್, ಹನ್ನೆರಡು ಥ್ರೆಡ್, 65 ವ್ಯಾಟ್. ಎಲ್3 ಕ್ಯಾಶೆ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ) ಮಾತ್ರ 5500ರಲ್ಲಿ 16 ಎಂಬಿ, 5600ರಲ್ಲಿ 32. ಕೌಂಟರ್-ಸ್ಟ್ರೈಕ್‌ನಂಥ ಆಟಗಳಲ್ಲಿ ಕ್ಯಾಶೆ ದೊಡ್ಡದಿದ್ದಷ್ಟೂ ಪ್ರೊಸೆಸರ್ ರ‍್ಯಾಮ್‌ಗಾಗಿ ಕಾಯುವುದು ಕಡಿಮೆಯಾಗುತ್ತದೆ. 144 ಹರ್ಟ್ಸ್ ಮಾನಿಟರಿನಲ್ಲಿ ಪ್ರತಿ ಫ್ರೇಮಿಗೆ ದೊರಕುವ ಸಮಯ 7 ಮಿಲಿಸೆಕೆಂಡಿಗೂ ಕಡಿಮೆಯಾದ್ದರಿಂದ ಆ ಕಾಯುವಿಕೆ ಗಣನೆಗೆ ಬರುವಂಥದ್ದು. ಮಾನಿಟರ್ 60 ಹರ್ಟ್ಸ್‌ನದಾಗಿದ್ದರೆ ನಾನು 5500 ಸಾಕೆನ್ನುತ್ತಿದ್ದೆ. ಇಲ್ಲಿ 5600 ಇರಲಿ ಎಂದೆ.

ಪವರ್ ಸಪ್ಲೈ ವಿಷಯದಲ್ಲಿ ಚರ್ಚೆಗೆ ಎಡೆಯೇ ಇರಲಿಲ್ಲ. 700 ವ್ಯಾಟ್ ಎಂದು ದೊಡ್ಡದಾಗಿ ಮುದ್ರಿಸಿದ್ದ ಆ ಪೆಟ್ಟಿಗೆಯ ಲೇಬಲ್ ಚಿತ್ರವನ್ನು ಹಿಗ್ಗಿಸಿ ನೋಡಿದಾಗ 12 ವೋಲ್ಟ್ ಸಾಲಿನಲ್ಲಿ 25 ಆಂಪಿಯರ್ ಎಂದಷ್ಟೇ ಇತ್ತು. ಗುಣಿಸಿದರೆ 300 ವ್ಯಾಟ್. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ತಮ್ಮ ಶಕ್ತಿಯ ಬಹುಪಾಲನ್ನು ಪಡೆಯುವುದು ಈ ಸಾಲಿನಿಂದಲೇ ಆದ್ದರಿಂದ ಉಳಿದ ಅಂಕಿಗೆ ಅಷ್ಟಾಗಿ ಅರ್ಥವಿಲ್ಲ. 6600ರ ಬಳಕೆ 132 ವ್ಯಾಟ್. ಒಟ್ಟು ಲೆಕ್ಕ ಹಾಕಿದರೆ ಒಳ್ಳೆಯ ತಯಾರಿಕೆಯ 550 ವ್ಯಾಟ್ ಧಾರಾಳವಾಗುತ್ತದೆ. 80 ಪ್ಲಸ್ ಮುದ್ರೆ ವಿದ್ಯುತ್ತು ಎಷ್ಟು ಪೋಲಾಗದೆ ಬಳಕೆಯಾಗುತ್ತದೆ ಎಂಬುದನ್ನು ಹೇಳುತ್ತದೆಯೇ ಹೊರತು ಒಳಗಿನ ರಕ್ಷಣಾ ಮಂಡಲಗಳ ಗುಣಮಟ್ಟವನ್ನಲ್ಲ. ಹಾಗಾಗಿ ಬಿಚ್ಚಿ ಪರೀಕ್ಷಿಸಿದವರ ವರದಿಗಳಿರುವ ಮಾದರಿಯನ್ನೇ ಹುಡುಕಿದೆವು. ಇದು ಕೆಟ್ಟರೆ ತಾನೊಂದೇ ಕೆಡದೆ ಉಳಿದ ಭಾಗಗಳನ್ನೂ ಜೊತೆಗೆ ಸುಡಬಹುದು. ಈ ಒಂದು ಜಾಗದಲ್ಲಿ ಮಿತವ್ಯಯ ಸಲ್ಲದು.

ರ‍್ಯಾಮ್ ವಿಷಯ ಬೇಗ ಮುಗಿಯಿತು. 16 ಜಿಬಿಯ ಒಂದರ ಬದಲು 8 ಜಿಬಿಯ ಎರಡನ್ನು ಹಾಕಿದರೆ ಪ್ರೊಸೆಸರ್ ಮತ್ತು ರ‍್ಯಾಮ್ ನಡುವಿನ ದಾರಿಗಳಾದ ಎರಡು ಚಾನೆಲ್‌ಗಳು ಒಟ್ಟಿಗೆ ಕೆಲಸ ಮಾಡುತ್ತವೆ. ಡಿಡಿಆರ್4 3200 ಎಂಬ ಬಗೆಯ ರ‍್ಯಾಮ್‌ನಲ್ಲಿ ಸೆಕೆಂಡಿಗೆ 25.6 ಜಿಬಿ ಇದ್ದ ಗರಿಷ್ಠ ವೇಗ 51.2ಕ್ಕೆ ಏರುತ್ತದೆ. ಮುಂದೆ ರ‍್ಯಾಮ್ ಹೆಚ್ಚಿಸಲು ಅನುಕೂಲವಾಗಲೆಂದು ನಾಲ್ಕು ಸ್ಲಾಟುಗಳಿರುವ ಎ520 ಬೋರ್ಡನ್ನೇ ಆರಿಸಿದೆವು. ಎಸ್‌ಎಸ್‌ಡಿಯನ್ನು ಮುಟ್ಟಲಿಲ್ಲ.

ಭಾಗಗಳೆಲ್ಲ ಬಂದ ಮೇಲೆ ಅವನೇ ಜೋಡಿಸಿದ, ನಾನು ಪಕ್ಕದಲ್ಲಿ ಕುಳಿತಿದ್ದೆ. ರ‍್ಯಾಮ್‌ಗಳನ್ನು ಎರಡನೆಯ ಮತ್ತು ನಾಲ್ಕನೆಯ ಸ್ಲಾಟುಗಳಲ್ಲಿ ಕೂರಿಸಿ, ಬೋರ್ಡಿನ ಮೂಲ ಸೆಟ್ಟಿಂಗುಗಳಿರುವ ಬಯೋಸ್‌ನಲ್ಲಿ, ರ‍್ಯಾಮನ್ನು ಅದರ ಘೋಷಿತ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿಯನ್ನು ಚಾಲೂ ಮಾಡಿಸಿದೆ. ಹಾಗೆ ಮಾಡದಿದ್ದರೆ 3200 ಎಂದು ಕೊಂಡ ರ‍್ಯಾಮ್ ಅದಕ್ಕಿಂತ ಕಡಿಮೆ ವೇಗದಲ್ಲೇ ನಡೆಯುತ್ತಿತ್ತು. ಮಾನಿಟರಿನ ಕೇಬಲನ್ನು ಮದರ್‌ಬೋರ್ಡಿಗಲ್ಲದೆ ಗ್ರಾಫಿಕ್ಸ್ ಕಾರ್ಡಿಗೆ ಚುಚ್ಚಿ, ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ 60 ಎಂದಿದ್ದ ರಿಫ್ರೆಶ್ ದರವನ್ನು 144ಕ್ಕೆ ಬದಲಾಯಿಸಿದ ಮೇಲೆ ಅವನು ಸೈಬರ್‌ಪಂಕ್ ತೆರೆದು, ಟೆಕ್ಸ್‌ಚರ್ ಗುಣಮಟ್ಟವನ್ನು ಅತ್ಯುನ್ನತ ಹಂತಕ್ಕೆ ಏರಿಸಿ, ನಗರದ ಜನನಿಬಿಡ ಬೀದಿಗಳಲ್ಲಿ ವಾಹನ ಓಡಿಸಿದ. ಪರದೆಯ ಮೂಲೆಯಲ್ಲಿ ಕಾರ್ಡಿನ ಮೆಮೊರಿ ಬಳಕೆಯ ಅಂಕಿ ಆಗಲೇ 4 ಜಿಬಿಯನ್ನು ದಾಟಿತ್ತು. ಅದನ್ನು ಬೆರಳಿಟ್ಟು ನನಗೆ ತೋರಿಸಿದವನು ಅವನೇ.